ಅದೇ ಸಿಲಿಕಾ, ಅದೇ ಗಡಸುತನ, ಅರ್ಧ ಬಾಳಿಕೆ: ಕಪನೂರಿನ ರಬ್ಬರ್ ರೋಲ್ ಪ್ರಕರಣ

ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗೆ ಶಹಾಪುರ, ಸುರಪುರ ಸೀಮೆಯಲ್ಲಿ ಬೆಳೆಯುವ ಭತ್ತದ ಹೊಟ್ಟು ಬಿಡಿಸುವುದು ರೈಸ್ ಮಿಲ್ಲಿನ ಶೆಲ್ಲರ್. ಅದರೊಳಗೆ ಎದುರುಬದುರು ತಿರುಗುವ ಎರಡು ರಬ್ಬರ್ ರೋಲ್‌ಗಳಿವೆ. ಒಂದರ ವೇಗ ಇನ್ನೊಂದಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು. ಕಾಳಿನ ದಪ್ಪಕ್ಕಿಂತ ಕಿರಿದಾದ ಸಂದಿನಲ್ಲಿ ಕಾಳು ಸಿಕ್ಕಾಗ ಒಂದು ಮೈ ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಹಿಂದಕ್ಕೆ ಹಿಡಿಯುತ್ತದೆ, ಹೊಟ್ಟು ಸುಲಿಯುತ್ತದೆ. ಭತ್ತದ ಹೊಟ್ಟನ್ನು ಸುಟ್ಟರೆ ಉಳಿಯುವ ಬೂದಿ ಸುಮಾರು ಐದರಲ್ಲಿ ಒಂದು ಪಾಲು, ಆ ಬೂದಿಯ ಬಹುಪಾಲು ಸಿಲಿಕಾ. ಹಾಗಾಗಿ ರೋಲನ್ನು ಸವೆಸುವುದೂ ಸಿಲಿಕಾ, ರಬ್ಬರಿನಲ್ಲಿ ಬೆರೆತು ಸವೆಯದಂತೆ ಕಾಯಬೇಕಾದದ್ದೂ ಸಿಲಿಕಾ. ರಬ್ಬರಿಗೆ ಬಲ ಕೊಡುವ ಮಸಿಯ ಪುಡಿ, ಅಂದರೆ ಕಾರ್ಬನ್ ಬ್ಲ್ಯಾಕ್ ಬಳಸಿದರೆ ಅಕ್ಕಿಗೆ ಕಪ್ಪು ಹತ್ತುತ್ತದೆ, ಆದ್ದರಿಂದ ಈ ರೋಲ್‌ಗಳಲ್ಲಿ ಬಿಳಿ ಸಿಲಿಕಾಕ್ಕೇ ಮೊದಲ ಸ್ಥಾನ. ಕಲಬುರಗಿಯ ಬೇಳೆ ಮಿಲ್‌ಗಳವರಿಗೆ ಈ ತಲೆನೋವಿಲ್ಲ. ಅಲ್ಲಿ ತೊಗರಿಯ ಸಿಪ್ಪೆ ತೆಗೆಯುವುದು ಎಮರಿ ರೋಲ್.

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಸವೆದ ಡ್ರಮ್‌ಗಳಿಗೆ ಹೊಸ ರಬ್ಬರ್ ಹಾಕಿ ಕೊಡುವ ಒಂದು ಸಣ್ಣ ಘಟಕವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಇದು ಕಲಿಕೆಗಾಗಿ ಕಟ್ಟಿದ ಪ್ರಕರಣ. ಅಳತೆಗಳು ಇಂಥ ಕಾಂಪೌಂಡಿನಲ್ಲಿ (ರಬ್ಬರಿಗೆ ಇತರ ಪದಾರ್ಥ ಬೆರೆಸಿದ ಮಿಶ್ರಣ) ಕಾಣಸಿಗುವ ವ್ಯಾಪ್ತಿಯವು, ಯಾವುದೇ ಒಂದು ಕಂಪನಿಯ ದಾಖಲೆಗಳಲ್ಲ. ಡ್ರಮ್ 10 ಇಂಚಿನದು, ಅದರ ಮೇಲೆ ಎರಡೂವರೆ ಸೆಂ.ಮೀ.ಗೆ ಸ್ವಲ್ಪ ಕಡಿಮೆ ರಬ್ಬರ್. ಬೇಸಿಗೆ ಹತ್ತಿದ ಮೇಲೆ ಮಿಲ್‌ಗಳಿಂದ ದೂರು ಶುರುವಾಯಿತು: ರೋಲ್‌ಗಳು ಮೊದಲಿನ ಅರ್ಧ ಅವಧಿಯೂ ಬಾಳುತ್ತಿಲ್ಲ, ಮೈ ಮೊದಲು ಹೊಳಪಾಗುತ್ತದೆ, ಆಮೇಲೆ ಸಣ್ಣ ಚೂರುಗಳಾಗಿ ಕಿತ್ತು ಬರುತ್ತದೆ. ಘಟಕದ ಉತ್ತರ ಒಂದೇ: "ಶೋರ್ ನೋಡ್ರಿ, 88 ಬಂದದ. ಹ್ವಾದ ವರ್ಷನೂ ಅಷ್ಟೇ ಇತ್ತು. ಮತ್ತೇನ್ ಬೇಕ್ರಿ?"

ಗಡಸುತನ ಅಳೆಯುವ ಶೋರ್ ಮೀಟರ್ ತೋರಿಸಿದ್ದು ನಿಜವೇ. ಆದರೆ ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆ.

ಕಾಂಪೌಂಡಿನಲ್ಲಿ ಇದ್ದದ್ದು

100 ಭಾಗ ಎಸ್‌ಬಿಆರ್ 1502ಕ್ಕೆ (ಸ್ಟೈರೀನ್-ಬ್ಯೂಟಾಡೈಈನ್ ಎಂಬ ಕೃತಕ ರಬ್ಬರಿನ ಒಂದು ದರ್ಜೆ) ತೂಕದಲ್ಲಿ ಉಳಿದವು ಹೀಗೆ: ಹೈ ಸ್ಟೈರೀನ್ ರೆಸಿನ್ 15, ಪ್ರೆಸಿಪಿಟೇಟೆಡ್ ಸಿಲಿಕಾ 60, ಟಿಇಎಸ್‌ಪಿಟಿ ಸಿಲೇನ್ (ಸಿಲಿಕಾವನ್ನು ರಬ್ಬರಿಗೆ ಬೆಸೆಯುವ ಅಣು) 5, ನ್ಯಾಫ್ತೆನಿಕ್ ಎಣ್ಣೆ 5, ಜಿಂಕ್ ಆಕ್ಸೈಡ್ 4, ಸ್ಟಿಯರಿಕ್ ಆಮ್ಲ 2, ವೇಗವರ್ಧಕ ಡಿಪಿಜಿ 1.5, ಕಲೆ ಹತ್ತದ ಫೀನಾಲಿಕ್ ಆಂಟಿಆಕ್ಸಿಡೆಂಟ್ 1. ಒಟ್ಟು 193.5 ಭಾಗ. ಕೊನೆಗೆ ಎರಡು ಉರುಳೆಗಳ ನಡುವೆ ರಬ್ಬರ್ ಅರೆಯುವ ಓಪನ್ ಮಿಲ್‌ನಲ್ಲಿ ಗಂಧಕ 3, ಗಂಧಕದ ಕ್ರಿಯೆಗೆ ವೇಗ ಕೊಡುವ ಸಿಬಿಎಸ್ 1.5. ಒಂದು ಬ್ಯಾಚ್ 30 ಕೆ.ಜಿ., ಅಂದರೆ ರಬ್ಬರ್ ನಾದುವ 35 ಲೀಟರಿನ ನೀಡರ್‌ಗೆ ಮುಕ್ಕಾಲು ತುಂಬು. ಅದರಲ್ಲಿ ಎಸ್‌ಬಿಆರ್ 15.5 ಕೆ.ಜಿ., ಸಿಲಿಕಾ 9.3 ಕೆ.ಜಿ., ಸಿಲೇನ್ 775 ಗ್ರಾಂ.

ಸಿಲೇನ್ ಕಡಿಮೆಯಾಯಿತೇ ಎಂಬುದೇ ಎಲ್ಲರಿಗೂ ಮೊದಲು ಬರುವ ಅನುಮಾನ. ಅದಕ್ಕೆ ಸರಳ ಲೆಕ್ಕವಿದೆ. ಸಿಲಿಕಾದ ಭಾಗವನ್ನು ಅದರ ಸಿಟಿಎಬಿ ಮೇಲ್ಮೈ ವಿಸ್ತೀರ್ಣದಿಂದ (ಸಿಟಿಎಬಿ ಎಂಬ ದೊಡ್ಡ ಅಣುವನ್ನು ಅಂಟಿಸಿ ಅಳೆದದ್ದು) ಗುಣಿಸಿ, 0.00053ರಿಂದ ಮತ್ತೆ ಗುಣಿಸಬೇಕು. ಗ್ರಾಮಿಗೆ 160 ಚದರ ಮೀಟರಿನ ಸಿಲಿಕಾ 60 ಭಾಗಕ್ಕೆ 5.1 ಭಾಗ ಬರುತ್ತದೆ. ಹಾಕಿದ್ದು 5. ತೂಕದಲ್ಲಿ ದೋಷವಿಲ್ಲ.

ಬಲ ಬರುವುದು ಎಲ್ಲಿಂದ

ನೈಟ್ರೋಜನ್ ಅನಿಲದಿಂದ ಅಳೆಯುವ ಬಿಇಟಿ ಮೇಲ್ಮೈ ಗ್ರಾಮಿಗೆ 175 ಚದರ ಮೀಟರ್ ಇರುವ ಸಿಲಿಕಾದ ಮೂಲ ಕಣದ ವ್ಯಾಸ ಸುಮಾರು 17 ನ್ಯಾನೋಮೀಟರ್. 6ನ್ನು ಸಾಂದ್ರತೆ ಮತ್ತು ಮೇಲ್ಮೈ ವಿಸ್ತೀರ್ಣದ ಗುಣಲಬ್ಧದಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ನಮ್ಮ ಕಾಂಪೌಂಡಿನ ಗಾತ್ರದಲ್ಲಿ ಸಿಲಿಕಾದ ಪಾಲು ಶೇ. 18. ಕಣಗಳು ಒಂದೊಂದಾಗಿ, ಒಂದೇ ಸಮ ಹರಡಿವೆ ಎಂದುಕೊಂಡರೆ ಪಕ್ಕಪಕ್ಕದ ಎರಡರ ನಡುವಿನ ತೆರವು 9 ನ್ಯಾನೋಮೀಟರ್ ಅಷ್ಟೇ. ಎಸ್‌ಬಿಆರ್ ಸರಪಳಿ ತಾನಾಗಿ ಸುರುಳಿಗೊಂಡಾಗ ಅದರ ಗೈರೇಶನ್ ತ್ರಿಜ್ಯವೇ (ಸುರುಳಿಯ ಹರವಿನ ಅಳತೆ) 20 ನ್ಯಾನೋಮೀಟರಿನ ಆಸುಪಾಸು. ಅಂದರೆ ಸರಪಳಿಯೇ ಕಣಕ್ಕಿಂತ ದೊಡ್ಡದು. ಒಂದು ಸರಪಳಿ ಒಂದು ಕಣಕ್ಕೆ ಹತ್ತಿ, ಬಿಟ್ಟು, ಪಕ್ಕದ ಎರಡು ಮೂರು ಕಣಗಳಿಗೂ ಹತ್ತಬಲ್ಲದು.

ಹತ್ತಿದ ಸರಪಳಿಯ ಎಲ್ಲ ತುಂಡೂ ಒಂದೇ ಕೆಲಸ ಮಾಡುವುದಿಲ್ಲ. ಕಣದ ಮೈಗೆ ಅಂಟಿ ಮಲಗಿದ ತುಂಡು ಗಿಡದ ಬೇರಿನಂತೆ, ಅದಕ್ಕೆ ಚಲನೆ ಬಹಳ ಕಡಿಮೆ. ಎರಡು ಅಂಟುಗಳ ನಡುವೆ ಮೇಲಕ್ಕೆದ್ದ ಕುಣಿಕೆ ಮತ್ತು ತುದಿಯಲ್ಲಿ ಬಿಡಿಯಾಗಿ ತೇಲುವ ಬಾಲ, ಇವೆರಡೂ ಸುತ್ತಲಿನ ಬಿಡಿ ಸರಪಳಿಗಳೊಂದಿಗೆ ಹೆಣೆದುಕೊಳ್ಳುತ್ತವೆ. ರಬ್ಬರ್ ಎಳೆದಾಗ ಹೊರೆ ಹೆಣಿಗೆಯಿಂದ ಕುಣಿಕೆಗೆ, ಕುಣಿಕೆಯಿಂದ ಕಣಕ್ಕೆ, ಕಣದಿಂದ ಅದಕ್ಕೇ ಹತ್ತಿದ ಇತರ ಹತ್ತಾರು ಸರಪಳಿಗಳಿಗೆ ಹಂಚಿಹೋಗುತ್ತದೆ. ಒಂದು ಸರಪಳಿ ಹರಿದರೂ ಬಿರುಕು ಅಲ್ಲೇ ನಿಲ್ಲುತ್ತದೆ, ಏಕೆಂದರೆ ಹೊರೆ ಹೊರಲು ಪಕ್ಕದಲ್ಲಿ ಇನ್ನೊಂದಿದೆ. ಮೈಗೆ ಹತ್ತಿರದ ಪದರ ನಿಜಕ್ಕೂ ಗಾಜಿನಂತೆ ಹೆಪ್ಪುಗಟ್ಟುತ್ತದೆಯೇ, ಇಲ್ಲ ಕೇವಲ ನಿಧಾನವಾಗುತ್ತದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಅಲ್ಲಿ ಚಲನೆ ಮಂದವಾಗುತ್ತದೆ ಎಂಬುದರಲ್ಲಿ ಮಾತ್ರ ತಕರಾರಿಲ್ಲ.

ಈ ಪದರ ಎಷ್ಟು ಭಾರಿ ಎಂಬುದಕ್ಕೆ ಒಂದು ಅಂದಾಜು ಹಾಕೋಣ. 17 ನ್ಯಾನೋಮೀಟರಿನ ಕಣದ ಸುತ್ತ 2.5 ನ್ಯಾನೋಮೀಟರ್ ದಪ್ಪದ ಅಂಟಿದ ಪದರ ಇದ್ದರೆ ಒಟ್ಟು ವ್ಯಾಸ 22. ಗಾತ್ರ ವ್ಯಾಸದ ಘನದಂತೆ ಏರುವುದರಿಂದ ಕಣದ ಗಾತ್ರ ಎರಡು ಪಟ್ಟು ದಾಟುತ್ತದೆ. ಶೇ. 18 ಇದ್ದ ಭರ್ತಿ ಶೇ. 39ರಂತೆ ವರ್ತಿಸುತ್ತದೆ. ಭರ್ತಿಯಿಂದ ಬಿಗಿಯನ್ನು ಅಂದಾಜಿಸುವ ಗುತ್-ಗೋಲ್ಡ್ ಸಮೀಕರಣಕ್ಕೆ ಹಾಕಿದರೆ ಖಾಲಿ ರಬ್ಬರಿಗೆ ಹೋಲಿಸಿದ ಬಿಗಿ 1.9 ಪಟ್ಟಿನಿಂದ 4.1 ಪಟ್ಟಿಗೆ ಜಿಗಿಯುತ್ತದೆ. ಇದು ಮೇಲ್ಮಿತಿಯ ಲೆಕ್ಕ, ಅದನ್ನು ಮರೆಯಬಾರದು. ನಿಜದಲ್ಲಿ ಸಿಲಿಕಾದ ಮೂಲ ಕಣಗಳು ಒಂದಕ್ಕೊಂದು ಬೆಸೆದು ಗೊಂಚಲಾಗಿರುತ್ತವೆ, ಎಲ್ಲ ಕಡೆಯೂ ಪದರ ಕೂರಲು ಜಾಗವಿರುವುದಿಲ್ಲ. ಆದರೂ ಭರ್ತಿಗಿಂತ ಪದರಕ್ಕೆ ಹೆಚ್ಚು ಗಮನ ಕೊಡಬೇಕು ಎನ್ನಲು ಇಷ್ಟು ಸಾಕು.

ಪದರ ಕೂರದಿದ್ದರೆ? ಸಿಲಿಕಾದ ಮೈತುಂಬ ಸಿಲನಾಲ್ (ಸಿಲಿಕಾನಿಗೆ ಹತ್ತಿದ –OH) ಗುಂಪುಗಳು. ಎಸ್‌ಬಿಆರ್‌ಗೆ ಅವುಗಳ ಮೇಲೆ ಒಲವಿಲ್ಲ. ಕಣಗಳು ಹೈಡ್ರೋಜನ್ ಬಂಧದಿಂದ ತಮ್ಮತಮ್ಮೊಳಗೇ ಅಂಟಿಕೊಂಡು ರಬ್ಬರಿನೊಳಗೆ ಜಾಲ ಕಟ್ಟುತ್ತವೆ. ಆ ಜಾಲ ಸಣ್ಣ ಒತ್ತಿಗೆ ಗಡಸು, ದೊಡ್ಡ ಎಳೆತಕ್ಕೆ ಪುಡಿ. ಹಿಗ್ಗು ಹೆಚ್ಚಿದಂತೆ ಬಿಗಿ ಕುಸಿಯುವ ಈ ನಡತೆಯನ್ನು 1960ರ ದಶಕದಲ್ಲಿ ಎ. ಆರ್. ಪೇಯ್ನ್ ವಿವರವಾಗಿ ಅಳೆದರು, ಈಗಲೂ ಅದು ಅವರ ಹೆಸರಲ್ಲೇ ಇದೆ. ಶೋರ್ ಮೀಟರಿನ ಮೊನೆ ರಬ್ಬರನ್ನು ತಳ್ಳುವುದು ಬಹಳ ಸ್ವಲ್ಪ. ಹೀಗಾಗಿ ಅದು ಸರಪಳಿಯ ಹಿಡಿತವನ್ನೂ ಕಣಗಳ ಪೊಳ್ಳು ಜಾಲವನ್ನೂ ಬೇರೆ ಮಾಡಿ ಹೇಳಲಾರದು. ಒಂದು ಇಳಿದದ್ದನ್ನು ಇನ್ನೊಂದು ತುಂಬಿಕೊಟ್ಟರೆ ಎರಡೂ ಸಲ 88. ಭತ್ತದ ಕಾಳು ಕೊಡುವ ಎಳೆತ ದೊಡ್ಡದು, ಅದೂ ಮತ್ತೆ ಮತ್ತೆ. ಜಾಲ ಪ್ರತಿ ಸಲ ಮುರಿದು ಕೂಡುವಾಗ ಶಾಖ ಹುಟ್ಟುತ್ತದೆ, ರೋಲಿನ ಮೈ ಮೆತ್ತಗಾಗಿ ಹೊಳಪಾಗುತ್ತದೆ, ಹಿಡಿತವಿಲ್ಲದ ಗೊಂಚಲಿನ ಸುತ್ತ ಬಿರುಕು ಬಿಟ್ಟು ಚೂರು ಕಿತ್ತು ಬರುತ್ತದೆ.

ಕೂಡಿಸುವ ಕೆಲಸ ಶಾಖದ್ದು

ಸಿಲೇನ್ ಎರಡು ಕೈಗಳ ಅಣು. ಎಥಾಕ್ಸಿ ಕೈ ಸಿಲಿಕಾದ ಸಿಲನಾಲನ್ನು ಹಿಡಿದು ಎಥನಾಲ್ ಬಿಡುತ್ತದೆ. ಗಂಧಕದ ಕೈ ಮುಂದೆ ವಲ್ಕನೈಸ್ ಆಗುವಾಗ (ಕಾಯಿಸಿದಾಗ ಗಂಧಕ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವುದು) ರಬ್ಬರ್ ಸರಪಳಿಯನ್ನು ಹಿಡಿಯುತ್ತದೆ. ಒಂದಷ್ಟು ಮಿಕ್ಸಿಂಗ್‌ನಲ್ಲೇ ಹಿಡಿದಿರುತ್ತದೆ. ಮೊದಲ ಕೈ ಬಿಗಿಯಾಗಲು ರಬ್ಬರಿನ ಒಡಲು 140ರಿಂದ 155 °ಸೆ. ನಡುವೆ ಕೆಲವು ನಿಮಿಷ ನಿಲ್ಲಬೇಕು. 160 ದಾಟಿದರೆ ಟಿಇಎಸ್‌ಪಿಟಿಯ ಗಂಧಕದ ಸಾಲು ಒಡೆದು ನೀಡರ್‌ನಲ್ಲೇ ರಬ್ಬರ್ ಹದ ಮೀರುತ್ತದೆ. ಈ ಉಷ್ಣತೆಯ ಕಿಟಕಿ ಬಹಳ ಕಿರಿದು. 1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಂಪನಿ ಸಿಲಿಕಾ ಟೈರನ್ನು ಮಾರುಕಟ್ಟೆಗೆ ತಂದ ಮೇಲೆ ಟೈರ್ ಕಾರ್ಖಾನೆಗಳು ಮಿಕ್ಸರ್‌ಗಳನ್ನು ಈ ಕಿಟಕಿಗೆ ತಕ್ಕಂತೆ ನಡೆಸಲು ಕಲಿತವು. ಸಣ್ಣ ಘಟಕಗಳಿಗೆ ಸಿಲೇನ್ ಡಬ್ಬ ತಲುಪಿತು, ಆ ಶಿಸ್ತು ಅದರ ಜೊತೆ ಬರಲಿಲ್ಲ.

ಜೋಳದ ಹಿಟ್ಟನ್ನು ಕುದಿವ ನೀರಿನಲ್ಲಿ ನಾದದೆ ತಣ್ಣೀರಲ್ಲಿ ಕಲಸಿದರೆ ಹಿಟ್ಟೂ ನೀರೂ ಅಷ್ಟೇ ಇದ್ದರೂ ತಟ್ಟುವಾಗ ರೊಟ್ಟಿಯ ಅಂಚು ಒಡೆಯುತ್ತದೆ. ಕಪನೂರಿನಲ್ಲಿ ಆದದ್ದೂ ಇದೇ ಬಗೆಯದು.

ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರು ಬಿಸಿಯಾಗಿ ನೀಡರ್‌ನ ತಂಪು ಸಾಲದಾಯಿತು. ಒಂದು ಬ್ಯಾಚ್ ಒಳಗೇ ಅಕಾಲಕ್ಕೆ ಗಟ್ಟಿಯಾಗಿ ಕೆಟ್ಟಿತು. ಅದಾದ ಮೇಲೆ ಆಪರೇಟರ್ ಡಿಸ್‌ಪ್ಲೇ 120 ತೋರಿಸಿದ ಕೂಡಲೇ ಡಂಪ್ ಮಾಡತೊಡಗಿದ, ಅಂದರೆ ಹೊರಗೆ ಸುರಿಯತೊಡಗಿದ. ರೂಢಿ ಮಳೆಗಾಲಕ್ಕೂ ಮುಂದುವರಿಯಿತು. ಜೊತೆಗೆ, ಸಮಯ ಉಳಿಸಲು ಮಿಕ್ಸಿಂಗಿನ ಎರಡನೇ ಸುತ್ತಿಗೆ ಹಾಕಬೇಕಾದ ಜಿಂಕ್ ಆಕ್ಸೈಡನ್ನು ಮೊದಲ ಸುತ್ತಿಗೇ ತಂದರು. ಸಿಲೇನ್ ಕೂರಬೇಕಾದ ಜಾಗಕ್ಕೆ ಜಿಂಕ್ ಪೈಪೋಟಿಗಿಳಿಯುತ್ತದೆ, ಸಿಲಿಕಾ ಜಿಂಕನ್ನು ಹೀರಿದಷ್ಟು ವಲ್ಕನೈಸ್ ಆಗುವುದೂ ಮಂದವಾಗುತ್ತದೆ. ಒಂದು ನಿರ್ಧಾರ ಹೆದರಿಕೆಯದು, ಇನ್ನೊಂದು ಉಳಿತಾಯದ್ದು. ಎರಡಕ್ಕೂ ಕಾರಣವಿತ್ತು, ಎರಡೂ ಒಂದೇ ಕಡೆ ಏಟು ಕೊಟ್ಟವು.

ಒಡೆದು ನೋಡಿದಾಗ

ಸೂಚನೆ ಮೊದಲು ಸಿಕ್ಕಿದ್ದು ಗರಗಸದಿಂದ. ಸವೆದ ರೋಲಿನ ರಬ್ಬರನ್ನು ಅಡ್ಡ ಕೊಯ್ದಾಗ ಡ್ರಮ್ಮಿನ ಹತ್ತಿರ ಸೂಜಿಮೊನೆಯಷ್ಟು ರಂಧ್ರಗಳು. ಅಂಟಿನ ತಪ್ಪು ಎಂದು ಯಾರಾದರೂ ಹೇಳಿಯಾರು. ಆದರೆ ಲೆಕ್ಕ ಹಾಕಿ: ಟಿಇಎಸ್‌ಪಿಟಿಯ ಅಣುತೂಕ 539, ಅದರಲ್ಲಿ ಆರು ಎಥಾಕ್ಸಿ ಗುಂಪು. 775 ಗ್ರಾಂ ಸಿಲೇನ್ ಪೂರ್ತಿ ಕೆಲಸ ಮಾಡಿದರೆ ಸುಮಾರು 400 ಗ್ರಾಂ ಎಥನಾಲ್ ಹೊರಬರಬೇಕು. ನೀಡರ್‌ನಲ್ಲಿ ಬಾರದ್ದು ರೋಲನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ಆಟೋಕ್ಲೇವ್‌ನಲ್ಲಿ ಬರುತ್ತದೆ, ದಪ್ಪ ರಬ್ಬರಿನೊಳಗಿಂದ ಪಾರಾಗಲು ದಾರಿಯಿಲ್ಲದೆ ಗುಳ್ಳೆಯಾಗುತ್ತದೆ. ಆಟೋಕ್ಲೇವ್‌ನಲ್ಲಿ ಸಿಲೇನ್ ಹೇಗೂ ಹಿಡಿಯುತ್ತದಲ್ಲ, ನಷ್ಟವೇನು ಎಂಬ ಪ್ರಶ್ನೆ ಸಹಜ. ಅಷ್ಟು ಹೊತ್ತಿಗೆ ಕಣಗಳು ಗೊಂಚಲಾಗಿ ಕೂತಿರುತ್ತವೆ. ಅರೆಯುವ ಬಲವೇ ಇಲ್ಲದಾಗ ಸಿಲೇನ್ ಗೊಂಚಲಿನ ಹೊರಮೈಯನ್ನಷ್ಟೇ ಮುಟ್ಟುತ್ತದೆ.

ಅನುಮಾನವನ್ನು ಸಂಖ್ಯೆಗೆ ತರಲು ಕಣಕ್ಕೆ ಹತ್ತಿ ದ್ರಾವಕದಲ್ಲಿ ಕರಗದೆ ಉಳಿಯುವ ರಬ್ಬರನ್ನು ಅಳೆಯುವ ಬೌಂಡ್ ರಬ್ಬರ್ ಪರೀಕ್ಷೆ ಸಾಕು. ದುಬಾರಿ ಯಂತ್ರ ಬೇಡ. ನಾಲ್ಕು ದಶಾಂಶದ ತಕ್ಕಡಿ, ಓವನ್, ಟಾಲ್ವೀನ್, ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆಯ ಚೀಲ, ಗಾಳಿ ಎಳೆಯುವ ಕಪಾಟು ಇರುವ ಯಾವ ಕಾಲೇಜಿನ ಪ್ರಯೋಗಾಲಯದಲ್ಲೂ ಆಗುತ್ತದೆ. ಗಂಧಕ ಹಾಕುವ ಮೊದಲಿನ ಕಾಂಪೌಂಡನ್ನೇ ತೆಗೆದುಕೊಳ್ಳಬೇಕು. ವಲ್ಕನೈಸ್ ಆದ ಮೇಲೆ ಮಾಡಿದರೆ ರಬ್ಬರ್ ಕರಗದೆ ಫಲಿತಾಂಶ ಸುಳ್ಳಾಗುತ್ತದೆ. ಮಿಕ್ಸ್ ಮಾಡಿ ಕನಿಷ್ಠ ಒಂದು ದಿನ ಇಟ್ಟ ಕಾಂಪೌಂಡಿನಿಂದ 0.5 ಗ್ರಾಂ, 1 ಮಿ.ಮೀ. ತುಣುಕುಗಳಾಗಿ ಕತ್ತರಿಸಿ, ತೂಗಿದ ಚೀಲಕ್ಕೆ ಹಾಕಿ 100 ಮಿ.ಲೀ. ಟಾಲ್ವೀನ್‌ನಲ್ಲಿ 72 ಗಂಟೆ ಮುಳುಗಿಸಿಡಬೇಕು, ಪ್ರತಿ 24 ಗಂಟೆಗೆ ದ್ರಾವಕ ಬದಲಿಸಬೇಕು. ಅಲುಗಾಡಿಸಬಾರದು, ಗೊಂಚಲು ಬಿಡಿಸಿ ಜಾಳಿಗೆಯಿಂದ ಹೊರಬಿದ್ದರೆ ತೂಕ ತಪ್ಪುತ್ತದೆ. ಚೀಲವನ್ನು ಕಪಾಟಿನಲ್ಲೇ ಪೂರ್ತಿ ಆರಿಸಿದ ಮೇಲಷ್ಟೇ 105 °ಸೆ. ಓವನ್‌ಗೆ. ಟಾಲ್ವೀನ್ ಒಸರುವ ಚೀಲವನ್ನು ನೇರ ಓವನ್‌ಗೆ ಇಟ್ಟರೆ ಬೆಂಕಿಯ ಅಪಾಯ.

0.5 ಗ್ರಾಮಿನಲ್ಲಿ ಕರಗದ ಸಿಲಿಕಾ ಮತ್ತು ಜಿಂಕ್ ಆಕ್ಸೈಡ್ 0.1654 ಗ್ರಾಂ, ರಬ್ಬರ್ ಮತ್ತು ರೆಸಿನ್ 0.2972 ಗ್ರಾಂ. ಸಿಲೇನಿನ ಅಲ್ಪ ತೂಕ ಬಿಟ್ಟಿದೆ. ಹಳೆಯ ಕ್ರಮದಲ್ಲಿ ಸರಿಯಾಗಿ ಮಿಕ್ಸ್ ಮಾಡಿದ ತುಂಡಿನಲ್ಲಿ ಉಳಿದದ್ದು 0.3140 ಗ್ರಾಂ, ಅಂದರೆ ಪಾಲಿಮರ್‌ನ ಶೇ. 50 ಕರಗದೆ ಕಣಕ್ಕೆ ಹತ್ತಿಕೊಂಡಿದೆ. ದೂರು ಬಂದ ಬ್ಯಾಚಿನಲ್ಲಿ 0.2427, ಅಂದರೆ ಶೇ. 26. ಇದನ್ನೇ ಅಮೋನಿಯಾ ಆವಿಯ ನಡುವೆ ಮಾಡಿದರೆ ಬರೀ ಮೇಲ್ಮೈ ಆಕರ್ಷಣೆಯಿಂದ ಹತ್ತಿದ ಸರಪಳಿಗಳು ಕಳಚಿ ರಾಸಾಯನಿಕವಾಗಿ ಬೆಸೆದವಷ್ಟೇ ಉಳಿಯುತ್ತವೆ. ಹಳೆಯ ಕ್ರಮದ್ದರಲ್ಲಿ ಶೇ. 41, ದೂರು ಬಂದದ್ದರಲ್ಲಿ ಶೇ. 9. ನಮ್ಮ ಮಟ್ಟಿಗೆ ತೀರ್ಪು ಕೊಟ್ಟದ್ದು ಈ ಎರಡನೇ ಜೋಡಿ. ಅಮೋನಿಯಾ ಇಲ್ಲದ ಪರೀಕ್ಷೆಯಲ್ಲಿ ಗೊಂಚಲಿನ ಸಂದಿನಲ್ಲಿ ಸಿಕ್ಕಿಬಿದ್ದ ಬಿಡಿ ರಬ್ಬರೂ ಲೆಕ್ಕಕ್ಕೆ ಬರುತ್ತದೆ, ಹೀಗಾಗಿ ಕೆಟ್ಟ ಬ್ಯಾಚೂ ತಕ್ಕಮಟ್ಟಿಗೆ ಚೆನ್ನಾಗಿ ಕಾಣುತ್ತದೆ.

ಸಿಲಿಕಾದ ತೇವದ ಮೇಲೂ ಅನುಮಾನವಿತ್ತು. ಸಿಲೇನ್ ಕೆಲಸ ಶುರು ಮಾಡಲು ನೀರು ಬೇಕು. ಕಲಬುರಗಿಯ ಒಣ ಬೇಸಿಗೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲ ಒಣಗುತ್ತದೆ. ಸಾಮಾನ್ಯವಾಗಿ 105 °ಸೆ.ನಲ್ಲಿ ಎರಡು ಗಂಟೆಗೆ ಶೇ. 5–6 ಕಳೆಯಬೇಕಾದ ಸಿಲಿಕಾ ಇಲ್ಲಿ ಶೇ. 3 ಕಳೆಯಿತು. ಆದರೂ 60 ಭಾಗ ಸಿಲಿಕಾದಲ್ಲಿ 1.8 ಭಾಗ ನೀರಿದೆ, 5 ಭಾಗ ಸಿಲೇನಿನ ಆರೂ ಎಥಾಕ್ಸಿಗೆ ಬೇಕಾದದ್ದು 1 ಭಾಗ. ಒಣ ಸಿಲಿಕಾ ಕ್ರಿಯೆಯನ್ನು ನಿಧಾನ ಮಾಡಿರಬಹುದು. ಮುಖ್ಯ ಅಪರಾಧಿ ಅದಲ್ಲ. ಹಳೆಯ ಮಿಕ್ಸಿಂಗ್ ಕ್ರಮಕ್ಕೆ ಮರಳಿ ಅದೇ ಒಣ ಚೀಲದಿಂದ ಮಾಡಿದ ಬ್ಯಾಚ್ ಬಹುಮಟ್ಟಿಗೆ ಸುಧಾರಿಸಿದ್ದು ಇದನ್ನೇ ಹೇಳಿತು.

ತಿದ್ದಿದ ಕ್ರಮ

ಮೊದಲ ಸುತ್ತಿಗೆ ನೀಡರನ್ನು 80 °ಸೆ.ಗೆ ಕಾಯಿಸಿ ಎಸ್‌ಬಿಆರ್ ಮತ್ತು ರೆಸಿನ್ ಹಾಕಿ, ರೆಸಿನ್ ಕರಗಿ ಒಂದಾಗುವವರೆಗೆ ಓಡಿಸಬೇಕು. ಆಮೇಲೆ ಅರ್ಧ ಸಿಲಿಕಾ, ಪೂರ್ತಿ ಸಿಲೇನ್, ಡಿಪಿಜಿ. ಅದು ಒಳಹೋದ ಮೇಲೆ ಉಳಿದ ಸಿಲಿಕಾ, ಸ್ಟಿಯರಿಕ್ ಆಮ್ಲ, ಕೊನೆಗೆ ಎಣ್ಣೆ. ಎಣ್ಣೆ ಮೊದಲೇ ಹಾಕಿದರೆ ರಬ್ಬರ್ ಜಾರಿ ಅರೆಯುವ ಬಲ ಸಾಯುತ್ತದೆ, ಗೊಂಚಲು ಒಡೆಯುವುದಿಲ್ಲ. ಡಿಪಿಜಿ ಸಿಲೇನ್ ಕ್ರಿಯೆಯನ್ನು ಚುರುಕು ಮಾಡುತ್ತದೆ, ಆಮ್ಲೀಯ ಸಿಲಿಕಾ ಮುಂದೆ ಸಿಬಿಎಸ್ಸನ್ನು ನುಂಗದಂತೆಯೂ ಕಾಯುತ್ತದೆ.

ಡಿಸ್‌ಪ್ಲೇ ನಂಬುವ ಹಾಗಿಲ್ಲ. ಥರ್ಮೋಕಪಲ್ ಗೋಡೆಯ ಬಳಿ ಇರುತ್ತದೆ, ರಬ್ಬರಿನ ಒಡಲು ಸಾಮಾನ್ಯವಾಗಿ ಅದಕ್ಕಿಂತ ಬಿಸಿ. ಇಲ್ಲಿ ಸೂಜಿ ಥರ್ಮಾಮೀಟರ್ ಚುಚ್ಚಿ ನೋಡಿದಾಗ ಅಂತರ ಹನ್ನೆರಡು ಡಿಗ್ರಿಯಷ್ಟಿತ್ತು. 120ಕ್ಕೆ ಡಂಪ್ ಮಾಡಿದ ರಬ್ಬರ್ ನಿಜದಲ್ಲಿ 132 ಮುಟ್ಟಿತ್ತು, ಅಲ್ಲಿ ನಿಂತದ್ದು ಕೆಲವೇ ಕ್ಷಣ. ಈಗ ಒಡಲು 145 ಮುಟ್ಟಿದಾಗ ರೋಟರ್ ವೇಗ ಇಳಿಸಿ 145–150ರ ನಡುವೆ ನಾಲ್ಕರಿಂದ ಐದು ನಿಮಿಷ ಹಿಡಿದು ಡಂಪ್. ವೇಗ ಇಳಿಸದೆ ತಂಪು ನೀರನ್ನೇ ನಂಬಿದರೆ ಬೇಸಿಗೆಯಲ್ಲಿ ಮತ್ತೆ 160 ದಾಟುತ್ತದೆ. ವೇಗ ಬದಲಿಸಲಾಗದ ಹಳೆಯ ನೀಡರ್ ಇದ್ದವರು ಮುಕ್ಕಾಲು ತುಂಬುವ ಬದಲು ಸ್ವಲ್ಪ ಕಡಿಮೆ ತುಂಬಿ, ಶಾಖ ಏರುವುದನ್ನು ನಿಧಾನ ಮಾಡಿಕೊಳ್ಳಬಹುದು. ಟಿಇಎಸ್‌ಪಿಡಿ ಎಂಬ ಕಡಿಮೆ ಗಂಧಕದ ಸಿಲೇನ್ ಹೆಚ್ಚು ಶಾಖ ತಾಳುತ್ತದೆ, ಆದರೆ ಅದು ಕಡಿಮೆ ಕೊಡುವ ಗಂಧಕವನ್ನು ಕೊನೆಯ ಹಂತದಲ್ಲಿ ಸೇರಿಸಿ ಸರಿದೂಗಿಸಬೇಕು. ಶೆಡ್ಡಿನ ಗಾಳಿ ಹೊರಹೋಗುವ ಫ್ಯಾನ್ ಓಡುತ್ತಿರಬೇಕು. ಬ್ಯಾಚಿಗೆ ಕಾಲು ಕಿಲೋ ದಾಟುವ ಎಥನಾಲ್ ಆವಿ ಸಣ್ಣ ಸಂಗತಿಯಲ್ಲ, ಹತ್ತಿರ ವೆಲ್ಡಿಂಗ್ ನಡೆಯಕೂಡದು.

ಡಂಪ್ ಆದದ್ದನ್ನು ಓಪನ್ ಮಿಲ್‌ನಲ್ಲಿ ಹಾಳೆಯಾಗಿ ಎಳೆದು ತಣಿಸಿ ಒಂದು ದಿನ ಬಿಡಬೇಕು. ಎರಡನೇ ಸುತ್ತಿಗೆ ಜಿಂಕ್ ಆಕ್ಸೈಡ್ ಮತ್ತು ಆಂಟಿಆಕ್ಸಿಡೆಂಟ್. ಮೂರನೆಯದು ಓಪನ್ ಮಿಲ್, 100 °ಸೆ. ಒಳಗೆ, ಗಂಧಕ ಮತ್ತು ಸಿಬಿಎಸ್. ಚೀಲ ಒಣಗಿದ್ದರೆ ಸಿಲಿಕಾ ಜೊತೆ ನೀರು ಸೇರಿಸಬಹುದು: ಶೇ. 3 ತೇವದ 60 ಭಾಗವನ್ನು ಶೇ. 6ಕ್ಕೆ ತರಲು 1.9 ಭಾಗ. ಆದರೆ ಬಿಚ್ಚಿದ ಚೀಲವನ್ನು ಅಂದೇ ಮುಗಿಸುವುದು ಇದಕ್ಕಿಂತ ಸುಲಭ.

ತಿದ್ದಿದ ಬ್ಯಾಚಿನ ಶೋರ್ 87. ಒಂದು ಅಂಕ ಇಳಿದದ್ದು ನೋಡಿ ಗಾಬರಿಯಾಗಿ ಸಿಲಿಕಾ ಹೆಚ್ಚಿಸಬಾರದು. ಕಣಗಳ ಜಾಲ ಕಡಿಮೆಯಾದದ್ದರ ಗುರುತು ಅದು. ನೋಡಬೇಕಾದದ್ದು ಟೆನ್ಸೈಲ್ ಪರೀಕ್ಷೆಯಲ್ಲಿ ದೊಡ್ಡ ಹಿಗ್ಗಿನ ಒತ್ತಡಕ್ಕೂ ಸಣ್ಣ ಹಿಗ್ಗಿನ ಒತ್ತಡಕ್ಕೂ ಇರುವ ಅನುಪಾತ. ಮೆತ್ತನೆ ರಬ್ಬರಿನಲ್ಲಿ ಶೇ. 300 ಮತ್ತು ಶೇ. 100ರ ಒತ್ತಡ ಹೋಲಿಸುತ್ತಾರೆ. ಇಷ್ಟು ಗಡಸು ರೋಲ್ ಶೇ. 300ರ ಹತ್ತಿರ ಹರಿಯಬಹುದು, ಆದ್ದರಿಂದ ಶೇ. 200 ಮತ್ತು ಶೇ. 50 ತೆಗೆದುಕೊಳ್ಳುವುದು ವಾಸಿ. ಅನುಪಾತ ಏರಿದರೆ ಸರಪಳಿ ಹಿಡಿದಿದೆ. ಸವೆತಕ್ಕೆ ಜರ್ಮನ್ ಮಾನದಂಡದ ಡಿಐಎನ್ ಡ್ರಮ್ ಪರೀಕ್ಷೆ (ಉಜ್ಜುಕಾಗದ ಸುತ್ತಿದ ಡ್ರಮ್ಮಿಗೆ ರಬ್ಬರ್ ತಿಕ್ಕುವುದು): 16 ಮಿ.ಮೀ. ವ್ಯಾಸದ ಗುಂಡಿ, 10 ನ್ಯೂಟನ್ ಭಾರ, 40 ಮೀಟರ್ ಓಟ, ಕಳೆದ ಘನ ಮಿಲಿಮೀಟರ್. ಮಿಲ್ಲಿಗೆ ರೋಲ್ ಕಳಿಸುವ ಮುನ್ನ ಇಷ್ಟು ನೋಡಿದರೆ ಶಹಾಪುರದಿಂದ ಫೋನ್ ಬರುವವರೆಗೆ ಕಾಯಬೇಕಿಲ್ಲ.

ಬೌಂಡ್ ರಬ್ಬರ್ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಂಡು ಹಿಡಿಯುವ ಸಮಯವನ್ನು ಹತ್ತು ನಿಮಿಷಕ್ಕೆ ಎಳೆಯುವವರೂ ಇದ್ದಾರೆ. ಆಗ ಕಾಂಪೌಂಡ್ ಓಪನ್ ಮಿಲ್ಲಿನ ಮೇಲೆ ಹಾಳೆಯಾಗದೆ ಹರಕಾಗುತ್ತದೆ, ಡ್ರಮ್ಮಿಗೆ ಸುತ್ತುವಾಗ ಪದರ ಪದರದ ನಡುವೆ ಗಾಳಿ ಉಳಿಯುತ್ತದೆ, ರೋಲ್ ಮಧ್ಯದಲ್ಲೇ ಸೀಳುತ್ತದೆ. ವಾರಗಟ್ಟಲೆ ಇಟ್ಟ ಕಾಂಪೌಂಡಿನಲ್ಲೂ ಹತ್ತಿದ ಸರಪಳಿ ತಾನಾಗಿ ಏರುತ್ತಾ ಹೋಗಿ ಇದೇ ತೊಂದರೆ ಬರುತ್ತದೆ. ಹಾಗಾಗಿ ಹಾಳೆಗಳ ಮೇಲೆ ಮಿಕ್ಸ್ ಮಾಡಿದ ದಿನಾಂಕ ಮತ್ತು ಸೂಜಿ ಥರ್ಮಾಮೀಟರಿನ ಡಂಪ್ ಉಷ್ಣತೆ ಎರಡನ್ನೂ ಸೀಮೆಸುಣ್ಣದಲ್ಲಿ ಬರೆದಿಡುವುದು ಈಗಿನ ರೂಢಿ. ಹಳೆಯ ಹಾಳೆ ಮೊದಲು ಡ್ರಮ್ಮಿಗೆ ಸುತ್ತಲು ಹೋಗುತ್ತದೆ, ಒಡಲು 140 ಮುಟ್ಟದೆ ಬಿದ್ದ ಬ್ಯಾಚ್ ಗಂಧಕ ಸೇರುವ ಮುಂಚೆಯೇ ಮತ್ತೊಮ್ಮೆ ನೀಡರ್‌ಗೆ ಹೋಗುತ್ತದೆ.